ಅಪ್ಪ ಬಿಟ್ಟ ಅರ್ಧ ಬುಟ್ಟಿ

ಆ ಚೀನೀ ಹೋಟೆಲಿನಲ್ಲಿ ಕೂತು ತಿನ್ನುವ ಹೊತ್ತಿಗಿಂತ ನಿಂತು ಕಾಯುವ ಹೊತ್ತೇ ಜಾಸ್ತಿ. ಭಾನುವಾರ ಮಧ್ಯಾಹ್ನವಂತೂ ಕೇಳಲೇಬೇಡಿ. ಬಾಗಿಲಲ್ಲಿ ಟೋಕನ್ ಇಸಿದುಕೊಂಡು ಫುಟ್‌ಪಾತಿನ ಮೇಲೆ ಬಿಸಿಲಲ್ಲಿ ನಿಲ್ಲಬೇಕು, ಗಲ್ಲಾದಲ್ಲಿ ಕೂತ ಚೀನೀ ಮುದುಕಿ ನಂಬರ್ ಕೂಗಿದ ತಕ್ಷಣ ಎದ್ದೆನೋ ಬಿದ್ದೆನೋ ಅಂತ ಒಳಗೆ ಓಡಬೇಕು. ಕೂತ ಮೇಲಾದರೂ ನೆಮ್ಮದಿ ಇದೆಯೇ? ಮುಂದಿನ ಟೋಕನ್ನಿನವರು ಕುರ್ಚಿಯ ಬೆನ್ನಿಗೇ ಬಂದು ನಿಂತು, ನೀವು ಯಾವಾಗ ಏಳುತ್ತೀರಿ ಅಂತ ನಿಮ್ಮ ತಟ್ಟೆಯನ್ನೇ ನೋಡುತ್ತಿರುತ್ತಾರೆ. ಇಷ್ಟಾದರೂ ಜನ ಮುಗಿಬೀಳುತ್ತಾರೆ. ಗಾಜಿನ ಗೋಡೆಯ ಆಚೆ ಬಿಳಿ ಟೋಪಿಯ ಹೆಂಗಸರು ತೆಳ್ಳನೆಯ ಹಿಟ್ಟಿನ ಹಾಳೆಯಲ್ಲಿ ಮಾಂಸ, ಸೊಪ್ಪು ತುಂಬಿ, ಅಂಚಿಗೆ ನೆರಿಗೆ ಹಿಡಿದು, ಬಿದಿರ ಬುಟ್ಟಿಯಲ್ಲಿ ಜೋಡಿಸಿ ಹಬೆಗೆ ಇಡುವುದನ್ನು ನೋಡಿದರೆ ಯಾರಿಗೆ ತಾನೇ ಬಾಯಲ್ಲಿ ನೀರೂರುವುದಿಲ್ಲ? ಊರೆಲ್ಲ ಅದನ್ನು ಡಂಪ್ಲಿಂಗ್ ಅನ್ನುತ್ತದೆ. ಅತ್ತೆ ಮಾತ್ರ ಗಂಟು ಅನ್ನುತ್ತಾರೆ.

ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿ, ಮೊದಲ ಸಂಬಳ ಕೈಗೆ ಬಂದ ಭಾನುವಾರ ಮನೆಯವರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದಳು. ಎಲ್ಲರೂ ಅಂದರೆ ನಾಲ್ಕೇ ಜನ. ಅವಳು, ಶಾಲೆಯ ಬಸ್ ಓಡಿಸುವ ಗಂಡ, ಅವನ ತಾಯಿ, ಮತ್ತು ಮಗಳು. ಮಗಳು ಕೂಸಾಗಿದ್ದಾಗ ಹಗಲೂ ರಾತ್ರಿ ಒಂದೇ ರಾಗ ಕುಯ್ಯುತ್ತಿದ್ದಳೆಂದು ಮನೆಯಲ್ಲಿ ಅವಳಿಗೆ ಪಿಟೀಲು ಅಂತಲೇ ಹೆಸರು. ಈಗ ಅಪ್ಪನ ಬಸ್ಸಿನಲ್ಲೇ, ಅಪ್ಪನ ಸೀಟಿನ ಹಿಂದೆಯೇ ಕೂತು ಶಾಲೆಗೆ ಹೋಗುತ್ತಾಳೆ.

ಆ ಹೋಟೆಲಿನಲ್ಲಿ ಈ ಮನೆಯವರಿಗೆ ಒಂದು ಕಾನೂನಿತ್ತು. ಅತ್ತೆ ಸೊಸೆಗೆ ಒಂದು ಬುಟ್ಟಿ, ಅಪ್ಪ ಮಗಳಿಗೆ ಒಂದು ಬುಟ್ಟಿ. ಪಿಟೀಲು ಅಪ್ಪನ ಎಡಕ್ಕೆ ಕೂರಬೇಕು. ಬುಟ್ಟಿಯ ಎಡ ಅರ್ಧ ಅವಳದು, ಬಲ ಅರ್ಧ ಅಪ್ಪನದು. ಹಿಂದೊಮ್ಮೆ ಕೊನೆಯದು ಯಾರದ್ದು ಅಂತ ಇಬ್ಬರಿಗೂ ಮಹಾಯುದ್ಧವಾಗಿ, ಅತ್ತೆ ಚಮಚದಿಂದ ಗೆರೆ ಎಳೆದು ತೋರಿಸಿ ಮಾಡಿದ ಕಾನೂನು ಅದು. ಕಾನೂನು ಇದ್ದದ್ದೇ ಮುರಿಯುವುದಕ್ಕೆ. ಅವಳು ಆಚೆ ನೋಡಿದ್ದೇ ತಡ, ಅಪ್ಪ ಅವಳ ಪಾಲಿನಿಂದ ಒಂದನ್ನು ಎಗರಿಸುವುದು, ಅವಳು ಬೊಬ್ಬೆ ಹಾಕುವುದು, ಗಲ್ಲಾದ ಮುದುಕಿ ಕತ್ತೆತ್ತಿ ನೋಡುವುದು ಪ್ರತಿ ಸಲದ ಆಟ.

ಆ ಭಾನುವಾರ ಅವನು ಎಗರಿಸಲಿಲ್ಲ. ಬಸ್ಸಿನ ಕೀ ಗೊಂಚಲು ತೊಡೆಗೆ ಚುಚ್ಚುತ್ತದೆಂದು ಎಂದಿನಂತೆ ತೆಗೆದು ಮೇಜಿನ ಮೇಲಿಟ್ಟ, ತನ್ನ ಪಾಲು ಚಪ್ಪರಿಸಿಕೊಂಡು ತಿಂದ, ಚಾಪ್‌ಸ್ಟಿಕ್ ಕೆಳಗಿಟ್ಟ.

"ಖಾಲಿ ಆಯ್ತಲ್ಲ. ಇನ್ನೊಂದು ಬುಟ್ಟಿ ಹೇಳೋಣ್ವಾ?"

"ಖಾಲಿ ಅಂತೆ! ನೋಡು ಅಜ್ಜಿ ನಾಟಕ!" ಪಿಟೀಲು ತನ್ನ ಅರ್ಧದ ಮೇಲೆ ಎರಡೂ ಕೈ ಅಡ್ಡ ಇಟ್ಟಳು. "ನನ್ನದು ಅಷ್ಟೂ ಹಾಗೇ ಇದೆ. ಅಪ್ಪ ಇವತ್ತು ಒಂದೂ ಕದ್ದಿಲ್ಲ!"

"ಕೊನೆಗೂ ನನ್ನ ಮಗ ದೊಡ್ಡವನಾದ ಬಿಡು," ಅಂದರು ಅತ್ತೆ.

ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಯಾವುದಕ್ಕೆ ನಗುತ್ತಿದ್ದಾರೆಂದು ತಿಳಿಯದವನ ಹಾಗೆ ಒಂದು ಗಳಿಗೆ ತಡವಾಗಿ. ಹಿಂದಿನ ವಾರ ತಲೆ ಸಿಡಿಯುತ್ತಿದೆ ಅಂತ ಮಧ್ಯಾಹ್ನವೆಲ್ಲ ಮಲಗಿ, ವಾಂತಿ ಮಾಡಿ, ಮಾತ್ರೆ ನುಂಗಿ, ಮರುದಿನ ಏನೂ ಆಗಿಲ್ಲವೆಂಬಂತೆ ಬಸ್ ತೆಗೆದಿದ್ದ. ಇನ್ನೂ ಸುಸ್ತಿರಬೇಕು ಅಂದುಕೊಂಡಳು ಸೊಸೆ.

ಆಮೇಲೆ ಶುರುವಾಯಿತು ತಟ್ಟೆಯ ರಾಮಾಯಣ.

ಗಂಡ ಊಟದ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳತೊಡಗಿದ. ಅನ್ನ ಅರ್ಧ, ಮೀನು ಅರ್ಧ. ಬದಿಯಲ್ಲಿ ಬಡಿಸಿದ ಪಲ್ಯವನ್ನಂತೂ ಮುಟ್ಟಿದ್ದೇ ಇಲ್ಲ. ಬಿಟ್ಟದ್ದು ಚೆಲ್ಲಾಪಿಲ್ಲಿ ಇರುತ್ತಿರಲಿಲ್ಲ, ದಾರ ಹಿಡಿದು ಕೊಯ್ದಷ್ಟು ನೇರವಾಗಿ ತಟ್ಟೆಯ ಒಂದು ಪಕ್ಕಕ್ಕೆ ಉಳಿದಿರುತ್ತಿತ್ತು. ತಟ್ಟೆ ಎತ್ತುವಾಗ ಸೊಸೆಗೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವಳು ಕೆಲಸಕ್ಕೆ ಸೇರುವುದು ಅವನಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಬಾಯಲ್ಲಿ ಹೇಳದೆ ತಟ್ಟೆಯಲ್ಲಿ ಹೇಳುತ್ತಿದ್ದಾನೆ ಅಂತ ಅವಳ ಲೆಕ್ಕ.

ಅತ್ತೆಯ ಲೆಕ್ಕವೇ ಬೇರೆ.

"ಬೆಳಗ್ಗೆ ಮಾಡಿಟ್ಟು ಹೋಗ್ತೀಯ, ರಾತ್ರಿ ಬಿಸಿ ಮಾಡಿ ಬಡಿಸ್ತೀಯ. ಮಗನ ಗಂಟಲಲ್ಲಿ ಇಳೀಬೇಕಲ್ಲಮ್ಮ ಅದು."

"ನಿಮ್ಮ ಗಂಟಲಲ್ಲಿ ಇಳೀತಿದೆಯಲ್ಲ ಅತ್ತೆ."

"ನನಗೇನು, ಹಾಕಿದ್ದು ತಿನ್ನೋ ಮುದುಕಿ. ಅವನು ದುಡಿಯೋನು."

"ನಾನೇನು ಲಾಂಡ್ರೀಲಿ ನಿದ್ದೆ ಮಾಡಿ ಬರ್ತೀನಾ? ಅವರನ್ನೇ ಕೇಳಿ, ಏನು ಕಡಿಮೆಯಾಗಿದೆ ಅಂತ."

"ಏನೋ, ಊಟ ಸೇರಲ್ವೇನೋ ನಿನಗೆ?"

ಗಂಡ ಕೈ ತೊಳೆದು ಬಂದು ಇಬ್ಬರನ್ನೂ ಬೆಪ್ಪಾಗಿ ನೋಡಿದ. "ಚೆನ್ನಾಗಿತ್ತಲ್ಲಮ್ಮ. ಪೂರ್ತಿ ತಿಂದೆನಲ್ಲ. ಸ್ವಲ್ಪ ಕಡಿಮೆ ಬಡಿಸ್ತಾಳೆ ಅಷ್ಟೆ, ಹೊಟ್ಟೆ ತುಂಬಲ್ಲ."

ಸೊಸೆಗೆ ನೆತ್ತಿಗೇರಿತು. ಅರ್ಧ ತಟ್ಟೆ ಬಿಟ್ಟು ಎದ್ದವನು, ಹೆಂಡತಿ ಕಡಿಮೆ ಬಡಿಸುತ್ತಾಳೆ ಅಂತ ತಾಯಿಯ ಎದುರು ಚಾಡಿ ಹೇಳುವುದೇ! ಕಡಿಮೆ ಬಡಿಸುವುದು ಅಂದರೆ ಏನು ಅಂತ ತೋರಿಸುತ್ತೇನೆ ಇರು ಅಂದುಕೊಂಡು ಮರುದಿನ ಬೇಕೆಂದೇ ಅರ್ಧ ಬಡಿಸಿದಳು. ತಟ್ಟೆ ಎತ್ತಲು ಹೋದಾಗ ಆ ಅರ್ಧದಲ್ಲೂ ಅರ್ಧ ಉಳಿದಿತ್ತು, ಅದೇ ನೇರ ಗೆರೆಯಲ್ಲಿ. ತಟ್ಟೆ ಹಿಡಿದು ಸಿಂಕಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಯಾಕೋ ಆ ದಿನ ಸಿಟ್ಟು ಬರಲಿಲ್ಲ. ನಲ್ಲಿ ತಿರುಗಿಸಿ ತೊಳೆದಿಟ್ಟಳು.

ಪಿಟೀಲಿಗೆ ಮಾತ್ರ ಖುಷಿಯೋ ಖುಷಿ. ಅಪ್ಪ ಬಿಟ್ಟ ಮೀನಿನ ತುಂಡು, ಬೆಳಗಿನ ಟೋಸ್ಟಿನ ಅರ್ಧ, ಎಲ್ಲವೂ ಅವಳ ಪಾಲಿಗೆ.

"ನೀವಿಬ್ರೂ ಸುಮ್ನೆ ಜಗಳ ಆಡ್ತೀರ. ಅಪ್ಪ ಬಿಡೋದು ನನಗೋಸ್ಕರ," ಅನ್ನುತ್ತಿದ್ದಳು. "ಹೋಟೆಲಲ್ಲೂ ಹಂಗೇ ಬಿಟ್ರಲ್ಲ."

ಈ ಮಾತು ಅತ್ತೆಗೆ ಹಿಡಿಸಿತು. ಮಗಳ ಹೊಟ್ಟೆ ತುಂಬಲಿ ಅಂತ ತಾನು ಅರೆಹೊಟ್ಟೆಯಲ್ಲಿ ಏಳುವ ಮಗ! ಪಕ್ಕದ ಮನೆಯವರ ಹತ್ತಿರ ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳಿಕೊಂಡು ಬಂದರು. ಸೊಸೆಯ ಕಿವಿಗೂ ಅದು ಬಿತ್ತು, ಬೀಳಲಿ ಅಂತಲೇ ಹೇಳಿದ್ದು.

ಆಮೇಲಿನ ವಾರ ಒಂದು ಬೆಳಗ್ಗೆ ಗಂಡ ಗಡ್ಡ ಬೋಳಿಸಿಕೊಂಡು ಬಚ್ಚಲಿನಿಂದ ಹೊರಬಂದ. ಬಲ ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು, ಎಡ ಕೆನ್ನೆಯಲ್ಲಿ ಕೂದಲು ಹಾಗೇ ಇತ್ತು, ಕಿವಿಯ ಹತ್ತಿರ ಸೋಪಿನ ನೊರೆ ಬೇರೆ. ಪಿಟೀಲು ಬಿದ್ದು ಬಿದ್ದು ನಕ್ಕಳು. "ಹೊತ್ತಾಯ್ತು, ಅವಸರದಲ್ಲಿ ಬಿಟ್ಟೋಯ್ತು," ಅಂತ ಅವನು ಮತ್ತೆ ಒಳಗೆ ಹೋಗಿ ಬಂದ. ಬಂದಾಗಲೂ ಎಡ ಕೆನ್ನೆ ಅರೆಬರೆಯೇ. ಹೊರಗೆ ಹೋಗುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಧಡ್ ಅಂತ ಬಡಿಯಿತು. ಈಚೀಚೆಗೆ ಆ ಚೌಕಟ್ಟಿಗೂ ಅವನ ಭುಜಕ್ಕೂ ಏನೋ ಹಗೆ ಬಿದ್ದಿತ್ತು.

ಕೀಯದು ಇನ್ನೊಂದು ಕಥೆ. ದಿನಾ ಬೆಳಗ್ಗೆ ಕೀ ಕಾಣೆ. ದಿನಾ ಅದೇ ಮೇಜಿನ ಮೇಲೆ, ಅವನ ಲೋಟದ ಪಕ್ಕದಲ್ಲೇ.

"ನೀನೇ ಎತ್ತಿಡ್ತೀಯ. ನಾನು ಹುಡುಕಿ ಸಾಯ್ಲಿ ಅಂತ."

"ಮೂಗಿನ ಕೆಳಗೇ ಇದೆಯಲ್ರೀ! ನಾನು ಯಾಕೆ ಎತ್ತಿಡ್ಲಿ?"

"ಈಗ ತಂದಿಟ್ಟೆ. ಆಗಲೇ ನೋಡಿದೆ, ಇರಲಿಲ್ಲ."

"ದೇವರಾಣೆ ನಾನು ಮುಟ್ಟಿಲ್ಲ."

"ಹೋಗ್ಲಿ ಬಿಡು, ಮನೇಲಿದ್ದಿದ್ರೆ ಮನೆ ಸಾಮಾನು ಎಲ್ಲಿದೆ ಅಂತ ಗೊತ್ತಿರ್ತಿತ್ತು," ಅಂದರು ಅತ್ತೆ ಒಳಗಿನಿಂದ, ಯಾರಿಗೂ ಅಲ್ಲ ಅನ್ನುವ ಹಾಗೆ.

ಬಸ್ಸಿನ ಎಡಮೈಯಲ್ಲಿ ಮುಂದಿನಿಂದ ಹಿಂದಿನ ಚಕ್ರದವರೆಗೆ ಉದ್ದನೆಯ ಗೀರು ಬಿದ್ದಿತ್ತು. ಮನೆಯ ಮುಂದೆ ನಿಲ್ಲಿಸಿದ್ದಾಗ ಯಾರೋ ಕಿಡಿಗೇಡಿ ಎಳೆದಿದ್ದಾನೆ ಅಂತ ಗಂಡ ಬಸ್ಸಿನ ಮಾಲೀಕನಿಗೆ ಹೇಳಿದ. ಮಾಲೀಕ ನಂಬಿದ. ಬಕೆಟ್ಟಿನಲ್ಲಿ ನೀರು ಹಿಡಿದು ಬಸ್ ತೊಳೆಯಲು ಹೋದ ಸೊಸೆ ಆ ಗೀರಿನ ಮೇಲೆ ಬೆರಳಾಡಿಸಿದಳು. ಗೀರಿನೊಳಗೆ ಹಳದಿ ಬಣ್ಣ ಹತ್ತಿತ್ತು. ಅವರ ಬೀದಿಯಲ್ಲಿ ಯಾವ ಗೋಡೆಯೂ ಹಳದಿ ಇಲ್ಲ. ಹಳದಿ ಇರುವುದು ಶಾಲೆಯ ಗೇಟು.

"ರೀ, ಕಣ್ಣು ಒಂದ್ಸಲ ತೋರಿಸ್ಕೊಂಡು ಬನ್ನಿ," ಅಂದಳು ಆ ಸಂಜೆ.

"ನನ್ನ ಕಣ್ಣಿಗೇನಾಗಿದೆ?"

ಅತ್ತೆ ಬಟ್ಟೆ ಹೊಲಿಯುತ್ತ ಕೂತಿದ್ದರು. ಸೂಜಿ ದಾರ ಎರಡನ್ನೂ ಮಗನ ಕಡೆ ಚಾಚಿದರು. "ತಗೋ, ಪೋಣಿಸಿ ತೋರ್ಸು ಇವಳಿಗೆ."

ಅವನು ಸೂಜಿಯನ್ನು ಬೆಳಕಿಗೆ ಹಿಡಿದು, ದಾರದ ತುದಿ ನಾಲಿಗೆಗೆ ತಾಕಿಸಿ, ಒಂದೇ ಏಟಿಗೆ ಪೋಣಿಸಿಬಿಟ್ಟ. ಅತ್ತೆ ಬೀಗಿದರು. "ಕಣ್ಣು ತೋರಿಸ್ಬೇಕಂತೆ! ಅವನ ಕಣ್ಣಿಗೆ ದೃಷ್ಟಿ ತೆಗೀಬೇಕು." ಸೂಜಿಯ ಕಣ್ಣು ಕಾಣುವವನಿಗೆ ಗೇಟು ಕಾಣುವುದಿಲ್ಲವೇ ಅಂತ ಸೊಸೆಗೂ ಅನ್ನಿಸಿತು.

ಶನಿವಾರ ಸಂಜೆ ಬಸ್ಸಿನ ಆಯಾ ಮನೆಗೆ ಬಂದಳು. ಮಕ್ಕಳನ್ನು ಹತ್ತಿಸಿ ಇಳಿಸುವವಳು ಅವಳೇ. ಒಳಗೆ ಬಾ ಅಂದರೆ ಬರಲಿಲ್ಲ, ಸೊಸೆಯನ್ನೇ ಮೆಟ್ಟಿಲ ಹತ್ತಿರ ಕರೆದಳು.

"ಅಕ್ಕಾ, ಹೇಳಬಾರದು ಅಂತಿದ್ದೆ. ಹೇಳದೇ ಇದ್ರೆ ನಿದ್ದೆ ಬರಲ್ಲ. ಮನೇಲಿ ಏನಾದ್ರೂ ಬೇಜಾರಾ? ಅಣ್ಣನ ಮನಸ್ಸು ಎಲ್ಲೋ ಇರುತ್ತೆ."

"ಏನಾಯ್ತು?"

"ನಿನ್ನೆ ಆಸ್ಪತ್ರೆ ಸ್ಟಾಪಲ್ಲಿ ಅವಳಿ ಹುಡುಗ್ರು ನಿಂತಿದ್ವು. ದಿನಾ ನಿಲ್ಲೋ ಜಾಗವೇ, ಎಡಗಡೆ, ಕಂಬದ ಹತ್ರ. ಅಣ್ಣ ನಿಲ್ಲಿಸ್ಲೇ ಇಲ್ಲ. ಒಬ್ಬ ಆಗಲೇ ರಸ್ತೆಗೆ ಇಳಿದಿದ್ದ. ಬಸ್ಸು ಅವನ ಬೆನ್ನಿನ ಚೀಲ ಸವರ್ಕೊಂಡು ಹೋಯ್ತು ಅಕ್ಕ. ನಾನು ಕಿರುಚಿಕೊಂಡೆ. ನಿಲ್ಲಿಸಿ ಏನಂದ್ರು ಗೊತ್ತಾ? 'ಎಲ್ಲಿ ಮಕ್ಕಳು? ಯಾರೂ ಇರಲಿಲ್ಲವಲ್ಲ' ಅಂದ್ರು. ಸುಳ್ಳು ಹೇಳೋ ಮುಖ ಅಲ್ಲ ಅದು."

ಸೊಸೆ ಹಿಂದಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. "ಮಾಲೀಕರಿಗೆ ಹೇಳಿದ್ಯಾ?"

"ಹೇಳಿದ್ರೆ ಅಣ್ಣನ ಕೆಲಸ ಉಳಿಯುತ್ತಾ? ನೀವೇ ಒಂದು ಮಾತು ಕೇಳಿ ನೋಡಿ. ಸೋಮವಾರದ ಒಳಗೆ ಕೇಳಿ."

ಕೇಳಿದಳು. ಕೇಳಿದ್ದಕ್ಕೆ ಗಂಡ ಮನೆ ಹಾರಿಹೋಗುವ ಹಾಗೆ ಕೂಗಾಡಿದ. ಇಷ್ಟು ವರ್ಷ ಓಡಿಸಿದ್ದೇನೆ, ಒಂದು ಬೆಕ್ಕಿನ ಬಾಲಕ್ಕೆ ಚಕ್ರ ತಾಗಿಸಿಲ್ಲ, ಈಗ ಹೆಂಡತಿ ಆಯಾ ಸೇರಿಕೊಂಡು ತನ್ನನ್ನು ಕುರುಡನ್ನಾಗಿ ಮಾಡುತ್ತಿದ್ದಾರೆ ಅಂದ. ಇಸ್ತ್ರಿ ಪೆಟ್ಟಿಗೆ ಹಿಡಿದ ಮೇಲೆ ಕೊಂಬು ಬಂದಿದೆ ಅಂದ. ಪಿಟೀಲು ದಿಂಬು ತಬ್ಬಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅಪ್ಪನ ಸೀಟಿನ ಹಿಂದೆ ಕೂರುವ ಆ ಪುಟ್ಟ ತಲೆಯನ್ನು ಸೊಸೆ ನೋಡಿದಳು. ನಾಳೆ ಭಾನುವಾರ. ನಾಳಿದ್ದು ಅವನು ಬಸ್ ತೆಗೆಯುತ್ತಾನೆ, ಇವಳು ಹಿಂದೆ ಕೂರುತ್ತಾಳೆ, ಆ ಅವಳಿ ಮಕ್ಕಳು ಕಂಬದ ಹತ್ತಿರ ನಿಲ್ಲುತ್ತಾರೆ.

ಅತ್ತೆ ರಾಜಿಗೆ ಬಂದರು. ಅವರ ರಾಜಿಯೂ ಒಂದು ಏಟೇ. "ಹೊಟ್ಟೆ ಹಸಿದೋನಿಗೆ ಸಿಟ್ಟು ಬರದೆ ಇನ್ನೇನು? ನಾಳೆ ಆ ಗಂಟಿನ ಹೋಟೆಲಿಗೆ ಕರ್ಕೊಂಡು ಹೋಗು. ಅಲ್ಲಾದ್ರೂ ಹೊಟ್ಟೆ ತುಂಬ ತಿನ್ನಲಿ."

ಭಾನುವಾರ ಹೋಟೆಲಿನಲ್ಲಿ ಜನವೋ ಜನ. ಮುದುಕಿ ಕೂಗಿದ ನಂಬರಿಗೆ ಸಿಕ್ಕಿದ್ದು ಗೋಡೆಗೆ ಒತ್ತಿದ ಸಣ್ಣ ಮೇಜು. ಪಿಟೀಲು ಅಪ್ಪನ ಎಡಗಡೆಯ ಕುರ್ಚಿಗೆ ಓಡಿದಳು.

"ಇವತ್ತು ಅಲ್ಲಿ ನಾನು," ಅಂದಳು ಸೊಸೆ. "ನೀನು ಅಜ್ಜಿ ಪಕ್ಕ ಕೂತ್ಕೋ."

"ಹಂಗಾದ್ರೆ ನನ್ನ ಪಾಲು?"

"ಇವತ್ತು ನನ್ನ ಮಗನಿಗೆ ಯಾರೂ ಪಾಲುಗಾರರಿಲ್ಲ," ಅಂದರು ಎದುರಿಗೆ ಕೂತ ಅತ್ತೆ. "ಅವನಿಗೆ ಅಂತಲೇ ಒಂದು ಇಡೀ ಬುಟ್ಟಿ. ಒಂದನ್ನೂ ಮುಟ್ಟಿದ್ರೆ ನೋಡು ಮತ್ತೆ!"

ಗಂಡ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದ. ಕೀ ಗೊಂಚಲು ತೆಗೆದು ನೋಡದೆಯೇ ಎಡಗೈಯಿಂದ ಮೇಜಿನ ಮೇಲಿಟ್ಟ. ಬುಟ್ಟಿ ಬಂತು, ಮುಚ್ಚಳ ತೆಗೆದರು, ಹಬೆ ಮುಖಕ್ಕೆ ಹೊಡೆಯಿತು. ಶುಂಠಿಯ ಎಳೆ ಹಾಕಿದ ವಿನೆಗರ್ ಹುಳಿಯಲ್ಲಿ ಅದ್ದಿ ಅದ್ದಿ ತಿಂದ. ಹಸಿದಿದ್ದ ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ತಿಂದು ಚಾಪ್‌ಸ್ಟಿಕ್ ಇಟ್ಟು ತಾಯಿಯ ಕಡೆ ನೋಡಿದ.

"ಇಡೀ ಬುಟ್ಟಿ ಅಂದ್ಯಲ್ಲಮ್ಮ? ಅರ್ಧ ಬುಟ್ಟಿ ತಂದಿಟ್ಟಿದ್ದಾರೆ ಇವರು."

ಬುಟ್ಟಿಯ ಎಡ ಅರ್ಧ ಹಾಗೇ ಇತ್ತು. ಹಬೆಯಾಡುತ್ತ, ನೆರಿಗೆ ನೆರಿಗೆಯಾಗಿ, ಒಂದನ್ನೂ ಮುಟ್ಟಿರಲಿಲ್ಲ.

ಪಿಟೀಲು ಬಾಯಿ ತೆರೆದಳು. ಅಷ್ಟರಲ್ಲಿ ಸೂಪಿನ ಬಟ್ಟಲು ಹಿಡಿದು ಬಂದ ಹುಡುಗಿ ಜಾಗ ಮಾಡಿಕೊಳ್ಳಲು ಮೊಣಕೈಯಿಂದ ಬುಟ್ಟಿಯನ್ನು ಸರಕ್ಕನೆ ತಿರುಗಿಸಿ, ಬಟ್ಟಲುಗಳನ್ನಿಟ್ಟು ಹೋದಳು. ಎಡಗಡೆ ಇದ್ದದ್ದು ಬಲಗಡೆಗೆ ಬಂತು.

"ಓಹೋ, ಬಂತು ನೋಡು!" ಗಂಡನ ಮುಖ ಅರಳಿತು. "ಇನ್ನರ್ಧ ಈಗ ತಂದಿಟ್ಲು. ಏನು ಹೋಟೆಲಪ್ಪ ಇದು, ಕಂತಿನಲ್ಲಿ ಕೊಡ್ತಾರೆ." ಚಾಪ್‌ಸ್ಟಿಕ್ ಎತ್ತಿಕೊಂಡು ತಿನ್ನತೊಡಗಿದ.

ಸೊಸೆಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ತಟ್ಟೆಯ ನೇರ ಗೆರೆ, ಎಡ ಕೆನ್ನೆಯ ಗಡ್ಡ, ಬಾಗಿಲ ಚೌಕಟ್ಟು, ಬಸ್ಸಿನ ಎಡಮೈಯ ಹಳದಿ ಗೀರು, ಕಂಬದ ಹತ್ತಿರ ನಿಂತ ಮಕ್ಕಳು, ಎಲ್ಲವೂ ಒಂದೇ ಪಕ್ಕದವು. ಅವನಿಗೆ ಸಿಟ್ಟಿರಲಿಲ್ಲ. ಅವನು ಯಾರಿಗೋಸ್ಕರವೂ ಏನನ್ನೂ ಬಿಟ್ಟಿರಲಿಲ್ಲ. ತಲೆ ಸಿಡಿಯುತ್ತಿದೆ ಅಂತ ಮಲಗಿದ ಆ ಮಧ್ಯಾಹ್ನದಿಂದ ಎಡಗಡೆಯ ಪ್ರಪಂಚವೇ ಅವನ ಪಾಲಿಗೆ ಇರಲಿಲ್ಲ, ಇಲ್ಲ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಇಷ್ಟು ವಾರವೂ ಅವಳು ಅದಕ್ಕೆ ಮುನಿಸು ಅಂತ ಹೆಸರಿಟ್ಟಿದ್ದಳು.

ತಲೆ ಎತ್ತಿದರೆ ಅತ್ತೆ ಬುಟ್ಟಿಯನ್ನೇ ನೋಡುತ್ತಿದ್ದರು.

"ಇನ್ನೊಂದು ತರಿಸು," ಅಂದರು ಅತ್ತೆ. ಆ ದನಿಯಲ್ಲಿ ಎಂದಿನ ಮೊನಚು ಇರಲಿಲ್ಲ.

ಇನ್ನೊಂದು ಬಂತು. ಅವನು ಬಲ ಅರ್ಧ ಮುಗಿಸಿ, ಖಾಲಿಯಾಯ್ತು ಅಂತ ಬೆನ್ನು ಚೆಲ್ಲಿ ಕೂತ. ಈ ಸಲ ಅತ್ತೆಯೇ ಕೈ ಚಾಚಿ, ಎರಡು ಬೆರಳಿನಿಂದ ಬುಟ್ಟಿಯನ್ನು ಮೆಲ್ಲಗೆ ತಿರುಗಿಸಿದರು.

"ಅರೆ, ಇನ್ನೂ ಇದೆ!" ಅಂದ ಮಗ, ಮಗುವಿನ ಹಾಗೆ.

"ತಿನ್ನಪ್ಪ," ಅಂದರು ಅತ್ತೆ. "ಎಲ್ಲಾ ನಿನಗೇ." ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಹಿಂದೆ ನಿಂತವರು ಗೊಣಗತೊಡಗಿದ್ದರು. ಗಂಡ ಕೈ ಒರೆಸಿಕೊಂಡು ಜೇಬು ಮುಟ್ಟಿ ನೋಡಿದ. ಮೇಜಿನ ಮೇಲೆ ನೋಡಿದ. ಬಟ್ಟಲು ಎತ್ತಿ ನೋಡಿದ, ಹುಳಿಯ ಬಾಟಲಿಯ ಹಿಂದೆ ನೋಡಿದ, ಬಗ್ಗಿ ನೆಲದ ಮೇಲೆ ನೋಡಿದ.

"ಕೀ ಎಲ್ಲಿಟ್ಟೆ ನಾನು?"

ಕೀ ಅವನ ಎಡಗೈಯಿಂದ ಒಂದು ಗೇಣು ದೂರದಲ್ಲಿ, ಅವನೇ ಇಟ್ಟಲ್ಲಿ, ಹೆಂಡತಿಯ ಮುಂದೆಯೇ ಇತ್ತು. ಪಿಟೀಲು ತೋರಿಸಲು ಬೆರಳು ಎತ್ತಿದಳು. ಅಜ್ಜಿ ಆ ಬೆರಳನ್ನು ಹಿಡಿದು ಕೆಳಗಿಳಿಸಿದರು. ಇನ್ನೊಂದು ಕೈ ಚಾಚಿ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಮೇಜಿನ ಕೆಳಗಿನಿಂದ ಸೊಸೆಯ ಅಂಗೈಗೆ ಒತ್ತಿದರು. ಇಬ್ಬರ ಕಣ್ಣೂ ಕೂಡಿತು. ಇಷ್ಟು ವರ್ಷದಲ್ಲಿ ಅತ್ತೆ ಅವಳ ಕೈಗೆ ಕೊಟ್ಟ ಮೊದಲ ಕೀ ಅದು.

"ಸಿಗಲ್ಲ ಬಿಡೋ," ಅಂದರು ಅತ್ತೆ.

"ಸಿಗಲ್ಲ ಅಂದ್ರೆ? ನಾಳೆ ಬೆಳಗ್ಗೆ ಬಸ್ ತೆಗೀಬೇಕು."

"ನಾಳೆ ನೀನು ಬಸ್ ತೆಗೆಯಲ್ಲ ಕಣಪ್ಪ. ನಾಳೆ ಡಾಕ್ಟರ ಹತ್ರ ಹೋಗೋಣ."

ಅವನು ನಕ್ಕುಬಿಟ್ಟ. "ನಿನಗೂ ತಲೆ ಕೆಡಿಸಿದ್ಲಾ ಅವಳು? ಇದು ಅವಳದ್ದೇ ಕೆಲಸ, ಕೀ ಅವಳೇ ಎತ್ತಿಟ್ಟಿರ್ತಾಳೆ. ಎಲ್ಲಿ ಹೋದ್ಲು? ಕೈ ತೊಳೆಯೋಕೆ ಹೋದ್ಲಾ?"

ಪಿಟೀಲಿಗೆ ನಗು ಬರುವುದರಲ್ಲಿತ್ತು, ಅಜ್ಜಿಯ ಮುಖ ನೋಡಿ ಅದು ಅಲ್ಲೇ ಸತ್ತಿತು. ಎಡಕ್ಕೆ ಕೂತ ಸೊಸೆಯ ಮೊಣಕಾಲು ಗಂಡನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಅವಳು ಕೀಯನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲೇ ಇದೀನಿ ರೀ," ಅಂದಳು.

ದನಿ ಕೇಳಿದ ಕೂಡಲೇ ಅವನು ಬಲಕ್ಕೆ ತಿರುಗಿದ. ಟೋಕನ್ ಹಿಡಿದು ಕಾಯುತ್ತಿದ್ದವರ ಮುಖಗಳಲ್ಲಿ ಒಂದೊಂದಾಗಿ ಹೆಂಡತಿಯನ್ನು ಹುಡುಕತೊಡಗಿದ.